ಹೆಪ್ಪಿಗೊಂದು ಚಮಚ ಕರೆಂಟು

ಮನೆ ಮುಂದೆ ನಿಂತ ಕಾರು ಸುಮ್ಮನೆ ನಿಂತಿರಬೇಕಾಗಿಲ್ಲ, ಸಂಜೆ ಹೊತ್ತು ಅದು ಬೀದಿಗೆ ಕರೆಂಟು ಎರವಲು ಕೊಡಬಹುದು ಎಂಬ ಏರ್ಪಾಡು ಚಿತ್ರದುರ್ಗಕ್ಕೆ ಬಂದಾಗ ಊರಿನವರು ಮೊದಲು ನಕ್ಕರು, ಆಮೇಲೆ ಅನುಮಾನಪಟ್ಟರು, ಕೊನೆಗೆ ಒಪ್ಪಿಕೊಂಡರು. ದುರ್ಗದವರ ಸ್ವಭಾವವೇ ಹಾಗೆ. ಏಳು ಸುತ್ತಿನ ಕೋಟೆ ಕಟ್ಟಿಕೊಂಡು ಕೂತ ಊರು ಅದು. ಹೊಸದೇನೇ ಬಂದರೂ ಏಳು ಬಾಗಿಲಲ್ಲಿ ನಿಲ್ಲಿಸಿ ವಿಚಾರಿಸಿಯೇ ಒಳಗೆ ಬಿಟ್ಟುಕೊಳ್ಳುವುದು.

ಏರ್ಪಾಡು ಇಷ್ಟೇ. ಹಗಲು ಹೊತ್ತು ಬಿಸಿಲಿನಿಂದಲೂ ಬೆಟ್ಟಸಾಲಿನ ಮೇಲಿನ ಗಾಳಿಯಂತ್ರಗಳಿಂದಲೂ ಕರೆಂಟು ಧಾರಾಳವಾಗಿ ಹುಟ್ಟುತ್ತದೆ. ಆಗ ಮನೆ ಮುಂದಿನ ಕಾರುಗಳು ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಸಂಜೆಯಾಯಿತೆಂದರೆ ಬಿಸಿಲು ಹೋಗುತ್ತದೆ, ಅದೇ ಹೊತ್ತಿಗೆ ಊರಿನ ಎಲ್ಲ ಮನೆಗಳಲ್ಲೂ ಒಲೆ, ಟೀವಿ, ನೀರಿನ ಮೋಟಾರು ಒಟ್ಟಿಗೆ ಶುರುವಾಗುತ್ತವೆ. ಆಗ ಕಾರುಗಳು ತಮ್ಮಲ್ಲಿರುವುದರಲ್ಲಿ ಒಂದು ಪಾಲನ್ನು ಅದೇ ಪ್ಲಗ್ಗಿನ ಮೂಲಕ ಬೀದಿಯ ಲೈನಿಗೆ ಬಿಡುತ್ತವೆ. ಊರು ಮಲಗಿದ ಮೇಲೆ, ಗಾಳಿಯಂತ್ರಗಳು ಯಾರಿಗೂ ಬೇಡವಾಗಿ ತಿರುಗುವ ಹೊತ್ತಿನಲ್ಲಿ, ಕೊಟ್ಟಿದ್ದು ಸ್ವಲ್ಪ ಜಾಸ್ತಿಯಾಗಿಯೇ ವಾಪಸು ಬರುತ್ತದೆ. ಇದರಲ್ಲಿ ಒತ್ತಾಯವೇನೂ ಇರಲಿಲ್ಲ. ಬೇಡವೆಂದವರು ಪ್ಲಗ್ ಕಿತ್ತರೆ ಮುಗಿಯಿತು.

ಹೀಗೆ ಬಂದ ಕರೆಂಟು ಹೆಚ್ಚಾಗಿ ಹೋಗುತ್ತಿದ್ದುದು ಬೀದಿಯ ಚಾರ್ಜಿಂಗ್ ಕಟ್ಟೆಗಳಿಗೆ. ಸ್ವಂತ ಮನೆ ಇದ್ದವರು ಗೇಟಿನೊಳಗೇ ಪ್ಲಗ್ ಹಾಕಿಕೊಳ್ಳುತ್ತಾರೆ, ಸರಿ. ಮಹಡಿ ಮೇಲಿನ ಬಾಡಿಗೆಯವರು, ವಠಾರದವರು, ಆಟೋದವರು ಎಲ್ಲಿಗೆ ಹೋಗಬೇಕು? ಅವರಿಗಾಗಿ ಮರದ ನೆರಳು ಇದ್ದ ಕಡೆಯೆಲ್ಲ ಕಟ್ಟೆ ಕಟ್ಟಿ, ಕಟ್ಟೆಯ ಸುತ್ತ ಪ್ಲಗ್ಗುಗಳನ್ನಿಟ್ಟಿದ್ದರು. ಗಾಡಿ ಚಾರ್ಜಿಗೆ ಹಾಕಿ, ಕಟ್ಟೆಯ ಮೇಲೆ ಕೂತು, ಮಂಡಕ್ಕಿ ತಿನ್ನುತ್ತ ಊರಿನ ಸುದ್ದಿಯನ್ನೆಲ್ಲ ಆಡಿ ಮುಗಿಸುವಷ್ಟರಲ್ಲಿ ಬ್ಯಾಟರಿ ತುಂಬಿರುತ್ತಿತ್ತು.

ಸಿಂಚನಾ ಈ ಇಡೀ ವ್ಯವಸ್ಥೆಯ ನಿಯಂತ್ರಣ ಕೇಂದ್ರದಲ್ಲಿ ಎಂಜಿನಿಯರು. ಗೋಡೆಯಗಲದ ಪರದೆಯ ಮೇಲೆ ಒಂದೊಂದು ಬೀದಿಗೂ ಒಂದೊಂದು ಗೆರೆ. ಕರೆಂಟು ಬಂದಷ್ಟೂ ಏರುತ್ತದೆ, ಹೋದಷ್ಟೂ ಇಳಿಯುತ್ತದೆ. ಅವಳಿಗೆ ಆ ಗೆರೆಗಳ ಗುಣವೆಲ್ಲ ಗೊತ್ತಿತ್ತು. ಗೊತ್ತಾಗದೆ ಉಳಿದಿದ್ದು ಒಂದೇ. ಸಂಜೆ ಕಾರುಗಳು ಕೊಡಲು ಶುರುಮಾಡಿದ ಸ್ವಲ್ಪ ಹೊತ್ತಿಗೇ ಎಲ್ಲ ಬೀದಿಗಳ ಗೆರೆಯೂ ಒಟ್ಟಿಗೆ ಕುಸಿಯುತ್ತಿತ್ತು. ಜನ ಮಲಗುವ ಮುಂಚೆ ಮತ್ತೆ ಎದ್ದು ನಿಲ್ಲುತ್ತಿತ್ತು, ಆದರೆ ಆ ಹೊತ್ತಿಗೆ ಅದು ಯಾರಿಗೂ ಬೇಕಿರುತ್ತಿರಲಿಲ್ಲ.

ಕೇಂದ್ರದ ಮುಖ್ಯಸ್ಥರು ಗುರುಪಾದಸ್ವಾಮಿ. ಒಳ್ಳೆಯ ಎಂಜಿನಿಯರು, ಒಳ್ಳೆಯ ಮನುಷ್ಯ. ಯಾವ ತೊಂದರೆ ಬಂದರೂ ಅದು ತಂತಿಯಲ್ಲೇ ಇರಬೇಕು ಎಂದು ನಂಬಿದವರು. ಅವರು ತಂತಿ ಬದಲಾಯಿಸಿದರು, ಮೀಟರು ಬದಲಾಯಿಸಿದರು, ಕತ್ತಲಾದರೆ ತಾನಾಗಿ ಹೊತ್ತುವ ಬೀದಿದೀಪಗಳ ಕಣ್ಣನ್ನೂ ಬದಲಾಯಿಸಿದರು. ಗೆರೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

“ಸರ್, ಇದು ಗಡಿಯಾರ ನೋಡಿಕೊಂಡು ಬೀಳ್ತಿಲ್ಲ,” ಎಂದಳು ಸಿಂಚನಾ ಒಂದು ದಿನ. “ಸೂರ್ಯ ಮುಳುಗೋದನ್ನ ನೋಡಿಕೊಂಡು ಬೀಳ್ತಿದೆ. ಬೇಸಿಗೇಲಿ ತಡ, ಚಳಿಗಾಲದಲ್ಲಿ ಬೇಗ. ಅದೂ ಮಂಗಳವಾರ, ಶುಕ್ರವಾರ ಜಾಸ್ತಿ ಬೀಳತ್ತೆ.”

“ವಾರ ನೋಡ್ಕೊಂಡು ಕೆಡೋ ತಂತಿ ಎಲ್ಲಾದ್ರೂ ಇದ್ಯೇನ್ರೀ?” ಎಂದು ಗುರುಪಾದಸ್ವಾಮಿ ಕನ್ನಡಕ ತೆಗೆದು ಒರೆಸಿದರು. “ಅದೇನಾದ್ರೂ ಆಗ್ಲಿ, ಬೇಗ ಹುಡುಕಿ. ಮೇಲಿಂದ ಆರ್ಡರ್ ಬಂದಿದೆ. ಈ ತಿಂಗಳು ಸರಿಹೋಗ್ಲಿಲ್ಲ ಅಂದ್ರೆ ಸಂಜೆ ಹೊತ್ತು ಕಟ್ಟೆಗಳನ್ನ ಮುಚ್ಚಬೇಕಂತೆ.”

ಕಟ್ಟೆ ಮುಚ್ಚುವುದೆಂದರೆ ಸಿಂಚನಾಳಿಗೆ ಪರದೆಯ ಮೇಲಿನ ಸುದ್ದಿಯಾಗಿರಲಿಲ್ಲ, ಮನೆಯ ಸುದ್ದಿಯಾಗಿತ್ತು. ಅವಳ ಅಕ್ಕ ಪಲ್ಲವಿ ದೊಡ್ಡ ಆಟೋ ಓಡಿಸುತ್ತಿದ್ದಳು. ರಾತ್ರಿ ಪಾಳಿಯ ನರ್ಸುಗಳನ್ನು ಮನೆಮನೆಯಿಂದ ಹತ್ತಿಸಿಕೊಂಡು ಆಸ್ಪತ್ರೆಗೆ ಬಿಡುವುದು, ಹಗಲು ಪಾಳಿಯವರನ್ನು ವಾಪಸು ಕರೆತರುವುದು ಅವಳ ಕೆಲಸ. ಹತ್ತು ಜನರ ಬಾಯಿಗೆ ಬಿದ್ದು, ಹಟ ಹಿಡಿದು, ಹೆಂಗಸೊಬ್ಬಳು ಸಂಪಾದಿಸಿಕೊಂಡಿದ್ದ ಓಟ ಅದು. ಸಂಜೆ ಕಟ್ಟೆಯಲ್ಲಿ ಚಾರ್ಜ್ ಸಿಗದಿದ್ದರೆ ಆ ಓಟ ಬೇರೆಯವರ ಪಾಲಾಗುತ್ತಿತ್ತು, ಪಲ್ಲವಿ ಮತ್ತೆ ಬಸ್ ಸ್ಟ್ಯಾಂಡಿನ ಮುಂದೆ ಗಿರಾಕಿಗಾಗಿ ಕಾಯಬೇಕಾಗುತ್ತಿತ್ತು. ಸಿಂಚನಾಳನ್ನು ಓದಿಸಿದವಳೇ ಪಲ್ಲವಿ. ಆ ಋಣವನ್ನು ಇಬ್ಬರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಅಕ್ಕತಂಗಿಯರ ವಾಸ ಬತೇರಿ ಬೀದಿಯ ಒಂದು ಮಹಡಿಯ ಮೇಲೆ. ಬತೇರಿ ಬೀದಿಯಲ್ಲಿ ಬ್ಯಾಟರಿಗೆ ಬರ ಬಂದಿದೆ ಎಂದು ಆಟೋದವರೆಲ್ಲ ಹಾಸ್ಯ ಮಾಡುತ್ತಿದ್ದರು. ಆ ಸಂಜೆ ಸಿಂಚನಾ ಮನೆಗೆ ಬರುವಾಗ ಬೀದಿ ಕೊನೆಯ ಹೊಂಗೆಮರದ ಕಟ್ಟೆಯಲ್ಲಿ ಆಟೋಗಳು ಸಾಲುಗಟ್ಟಿದ್ದವು. ಪಲ್ಲವಿ ತನ್ನ ಆಟೋದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಏನೇ ಇದು, ನಿನ್ನ ಕರೆಂಟು ತೊಟ್ಟಿಕ್ತಾ ಇದೆ,” ಎಂದಳು. “ಅಲ್ಲಿ ಸಿಸ್ಟರಮ್ಮ ಆಗಲೇ ಎರಡು ಸಲ ಫೋನ್ ಮಾಡಿದ್ಲು. ಏನಂತ ಹೇಳ್ಲಿ? ನನ್ನ ತಂಗಿ ಗೋಡೆ ಮೇಲೆ ಗೆರೆ ನೋಡ್ತಾ ಕೂತವ್ಳೆ ಅಂತ ಹೇಳ್ಲಾ?”

ಸಿಂಚನಾ ಮನೆಗೆ ಹೋದಳು. ಹಾಲು ಕಾಯಿಸಿದಳು. ಹೆಪ್ಪು ಹಾಕಲು ನೋಡಿದರೆ ಮೊಸರಿನ ಪಾತ್ರೆ ತೊಳೆದಿಟ್ಟಿದ್ದಳು ಅಕ್ಕ. ಒಂದು ಲೋಟ ಹಿಡಿದು ಎದುರುಮನೆಯ ಶೈಲಜಾ ಟೀಚರ ಗೇಟು ತಳ್ಳಿದಳು.

ಶೈಲಜಾ ಟೀಚರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಸಿಂಚನಾಳಿಗೆ ಓಮ್‌ನ ನಿಯಮ ಕಲಿಸಿದ್ದೇ ಅವರು. ಕೇಳಿದರೆ ಇಲ್ಲ ಅನ್ನುವ ಜೀವವಲ್ಲ. ಬೀದಿಯ ಅರ್ಧ ಮನೆಗಳಲ್ಲಿ ಮೊಸರು ಹೆಪ್ಪುಗಟ್ಟುತ್ತಿದ್ದುದೇ ಅವರ ಮನೆಯ ಹೆಪ್ಪಿನಿಂದ. ಆಗಷ್ಟೇ ದೇವರ ಮುಂದೆ ದೀಪ ಹಚ್ಚಿ ಹೊರಗೆ ಬರುತ್ತಿದ್ದರು. ಸಿಂಚನಾಳ ಕೈಯಲ್ಲಿದ್ದ ಲೋಟ ನೋಡಿ ಅವರ ಮುಖ ಸಣ್ಣಗಾಯಿತು.

“ಅಯ್ಯೋ, ಈಗ ಬಂದ್ಯಾ? ಒಂದೈದು ನಿಮಿಷ ಮುಂಚೆ ಬರಬಾರದಿತ್ತಾ? ದೀಪ ಹಚ್ಚಾಯ್ತಲ್ಲಮ್ಮ.”

ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಉಪ್ಪು ಮನೆಯಿಂದ ಹೊರಗೆ ಕೊಡಬಾರದು. ಕೊಟ್ಟರೆ ಲಕ್ಷ್ಮಿ ಅದರ ಹಿಂದೆಯೇ ಹೊರಟುಹೋಗುತ್ತಾಳೆ. ಇದು ಸಿಂಚನಾಳಿಗೆ ಗೊತ್ತಿಲ್ಲದ್ದೇನೂ ಅಲ್ಲ, ಅವಳಮ್ಮನೂ ಹಾಗೇ ಮಾಡುತ್ತಿದ್ದಳು. ನಗುತ್ತಾ, “ಇರಲಿ ಬಿಡಿ ಟೀಚರ್, ಬೆಳಿಗ್ಗೆ ತಗೋತೀನಿ,” ಎಂದು ತಿರುಗಿದಳು. ಅಷ್ಟರಲ್ಲಿ ಟೀಚರು ಮಾತಾಡುತ್ತಲೇ ನಾಲ್ಕು ಹೆಜ್ಜೆ ನಡೆದು, ಗೇಟಿನ ಬಳಿ ನಿಂತಿದ್ದ ತಮ್ಮ ಕಾರಿನಿಂದ ಪ್ಲಗ್ ಕಿತ್ತು, ವಯರನ್ನು ಸುತ್ತಿ ಮೊಳೆಗೆ ನೇತುಹಾಕಿದರು. ಒಲೆ ಆರಿಸಿದಷ್ಟು ಸಲೀಸಾಗಿ.

ಸಿಂಚನಾ ನಿಂತಲ್ಲೇ ನಿಂತಳು. ಬೀದಿಯುದ್ದಕ್ಕೂ ನೋಡಿದಳು. ಮೂರನೇ ಮನೆಯ ಹೆಂಗಸು ತುಳಸಿಗೆ ದೀಪ ಇಟ್ಟು ಬಂದು ಪ್ಲಗ್ ಕೀಳುತ್ತಿದ್ದಳು. ಆಚೆ ಮನೆಯಲ್ಲಿ ಬ್ಯಾಂಕಿನ ಮ್ಯಾನೇಜರು ಪಂಚೆ ಎತ್ತಿ ಕಟ್ಟಿಕೊಂಡು ಅದೇ ಕೆಲಸ ಮಾಡುತ್ತಿದ್ದರು.

“ಟೀಚರ್, ನೀವು ದಿನಾ ಪ್ಲಗ್ ಕೀಳ್ತೀರಾ?”

“ಹೂಂ. ದೀಪ ಹಚ್ಚಿದ ಮೇಲೆ ಅದು ಹೊರಗಡೆ ಹರೀತಿರತ್ತಲ್ಲ.” ಹೇಳಿದ ಮೇಲೆ ಅವರಿಗೇ ನಗು ಬಂತು, ನಾಚಿಕೆಯೂ ಬಂತು. “ನಾನು ಮೂವತ್ತು ವರ್ಷ ಕರೆಂಟಿನ ಪಾಠ ಮಾಡಿದವಳು. ಎಲೆಕ್ಟ್ರಾನಿಗೂ ಲಕ್ಷ್ಮಿಗೂ ಸಂಬಂಧ ಇಲ್ಲ ಅಂತ ನನಗೆ ಗೊತ್ತಿಲ್ವಾ? ಗೊತ್ತು. ಆದ್ರೆ ಕೈ ಕೇಳಲ್ಲ ಸಿಂಚನಾ. ಕೊಡದೆ ಇರೋ ಬುದ್ಧಿ ಅಲ್ಲ ಇದು. ಹಗಲೆಲ್ಲ ಎಷ್ಟು ಬೇಕಾದ್ರೂ ತಗೊಳ್ಲಿ.”

“ಹಂಗಾದ್ರೆ ತೀರಾ ಅರ್ಜೆಂಟ್ ಇದ್ರೆ ಏನು ಮಾಡೋರು? ಮಗು ಹಾಲಿಗೆ ಅಳ್ತಿದ್ರೆ?”

ಟೀಚರು ಯೋಚಿಸಿದರು. “ನಮ್ಮಜ್ಜಿ ಕೊಡೋರು. ಆದ್ರೆ ಬರಿಗೈಲಿ ಬಂದವರಿಗಲ್ಲ. ಬಂದವರು ಒಂದು ಹಿಡಿ ಅಕ್ಕಿನೋ, ಒಂದು ಚೂರು ಬೆಲ್ಲನೋ ತಂದು ಮೊದಲು ನಮ್ಮನೆ ಒಳಗಿಡೋರು. ಆಮೇಲೆ ಕೊಟ್ರೆ ಅದು ಕೊಟ್ಟಹಂಗಲ್ಲ, ಬದಲು ಮಾಡಿಕೊಂಡಹಂಗೆ. ಲಕ್ಷ್ಮಿ ಒಳಗೆ ಬಂದಾಯ್ತಲ್ಲ, ಇನ್ನೆಲ್ಲಿ ಹೋಗ್ತಾಳೆ?”

ಸಿಂಚನಾಳಿಗೆ ಆ ರಾತ್ರಿ ಮೊಸರಿಲ್ಲ, ಆದರೆ ಬೇಕಾಗಿದ್ದು ಸಿಕ್ಕಿತ್ತು. ಸಂತೋಷಕ್ಕೆ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು.

ಮಾರನೆಯ ದಿನ ಅವಳು ಹೇಳಿದ್ದನ್ನೆಲ್ಲ ಗುರುಪಾದಸ್ವಾಮಿ ಕೇಳಿಸಿಕೊಂಡರು. ತಂತಿಯಲ್ಲಿ ದೋಷವಿಲ್ಲ ಎಂದು ಕೇಳಿ ಅವರಿಗೆ ಸಮಾಧಾನವಾಯಿತೋ ಬೇಸರವಾಯಿತೋ ಹೇಳುವುದು ಕಷ್ಟ.

“ಹಂಗಾದ್ರೆ ಸುಲಭ ಆಯ್ತಲ್ಲ. ಪ್ಲಗ್ಗಿಗೆ ಬೀಗ ಹಾಕೋಣ. ಸಂಜೆ ಹೊತ್ತು ಕಿತ್ರೂ ಬರಬಾರದು.”

“ಬೀಗ ಹಾಕಿದ ದಿನವೇ ಇಡೀ ಊರು ಯೋಜನೆ ಬಿಟ್ಟುಹೋಗತ್ತೆ ಸರ್. ಬೀಗ ಬೇಡ. ದೀಪ ಹಚ್ಚೋ ಹೊತ್ತಿಗೆ ನಾವೇ ಮೊದಲು ಒಂದು ಚಮಚ ಕೊಡೋಣ. ಗಾಳಿಯಂತ್ರದಿಂದ ಒಂದೊಂದು ಮನೆಗೂ ಒಂಚೂರು ಕರೆಂಟು. ಅದು ಒಳಗೆ ಹೋದ್ದಕ್ಕೆ ಗುರುತಾಗಿ ಪ್ಲಗ್ಗಿನ ಮೇಲೆ ಒಂದು ಪುಟ್ಟ ದೀಪ ಹೊತ್ತಲಿ. ಆಮೇಲೆ ಕೇಳೋಣ.”

“ಅಲ್ಲ ಕಣ್ರೀ, ಕೊಡೋದು, ಮತ್ತೆ ತಗೊಳ್ಳೋದು. ಎರಡು ಸಲಾನೂ ದಾರೀಲಿ ಒಂದಿಷ್ಟು ಸೋರಿಹೋಗತ್ತೆ. ಎಂಜಿನಿಯರ್ ಆದವನು ಇದಕ್ಕೆ ಸೈನ್ ಹಾಕ್ತಾನಾ?” ಎಂದು ಅವರು ಸ್ವಲ್ಪ ಹೊತ್ತು ಮೇಜು ಕುಟ್ಟಿದರು. ಕೊನೆಗೆ, “ದೀಪ ಮಾತ್ರ ಹೊತ್ತಿಸೋಣ. ಜನಕ್ಕೆ ಬೇಕಾಗಿರೋದು ಸಮಾಧಾನ ತಾನೆ? ಕರೆಂಟು ಯಾಕೆ ಕೊಡಬೇಕು?” ಎಂದರು.

ಅದು ತಪ್ಪು ಎಂದು ಸಿಂಚನಾಳ ಮನಸ್ಸು ಹೇಳುತ್ತಿತ್ತು. ಆದರೆ ತಿಂಗಳು ಮುಗಿಯುತ್ತಾ ಬಂದಿತ್ತು, ಅಕ್ಕನ ಓಟ ಕಣ್ಣ ಮುಂದಿತ್ತು. ಅವಳು ಸುಮ್ಮನಾದಳು.

ದೀಪ ಹೊತ್ತಿತು. ಕೇಂದ್ರದವರು ಮನೆಮನೆಗೆ ಹೋಗಿ, ಈ ದೀಪ ಹೊತ್ತಿದರೆ ನಿಮ್ಮ ಮನೆಗೆ ಮೊದಲು ಕರೆಂಟು ಬಂತು ಎಂದರ್ಥ, ಆಮೇಲೆ ನೀವು ಕೊಡಬಹುದು ಎಂದು ಹೇಳಿ ಬಂದರು. ಒಂದು ವಾರ ಸಂಜೆಯ ಗೆರೆ ಕುಸಿಯಲೇ ಇಲ್ಲ. ಗುರುಪಾದಸ್ವಾಮಿ ಎಲ್ಲರಿಗೂ ಮಿರ್ಚಿ ತರಿಸಿದರು. ಕಟ್ಟೆಯಲ್ಲಿ ಆಟೋಗಳು ಚಕಚಕನೆ ತುಂಬಿಕೊಂಡು ಹೋದವು.

ಎಂಟನೆಯ ಸಂಜೆ ಗೆರೆ ಬಿತ್ತು. ಸುಮ್ಮನೆ ಬೀಳಲಿಲ್ಲ, ನೆಲಕ್ಕೆ ಅಂಟಿಕೊಂಡಿತು. ಬತೇರಿ ಬೀದಿಯಲ್ಲಿ ಒಂದು ಪ್ಲಗ್ಗೂ ಉಳಿದಿರಲಿಲ್ಲ. ರಾತ್ರಿಗೂ ಯಾರೂ ಮತ್ತೆ ಹಾಕಲಿಲ್ಲ. ಆ ದಿನ ಪಲ್ಲವಿ ನರ್ಸುಗಳನ್ನು ಬೇರೊಬ್ಬರ ಆಟೋಕ್ಕೆ ಹತ್ತಿಸಿ ಕಳಿಸಬೇಕಾಯಿತು.

ಸಿಂಚನಾ ಮನೆಗೆ ಓಡಿಬಂದಾಗ ಶೈಲಜಾ ಟೀಚರು ಕಟ್ಟೆಯ ಮೇಲೆಯೇ ಕೂತಿದ್ದರು. ಸುತ್ತ ಬೀದಿಯ ಜನ. ಟೀಚರ ಕೈಯಲ್ಲಿ ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಇರುತ್ತಿದ್ದಂಥ ಹಳೆಯ ಮೀಟರು.

“ದೀಪ ಹೊತ್ತಿದಾಗ ಎಷ್ಟು ಬರತ್ತೆ ನೋಡೋಣ ಅಂತ ಕುತೂಹಲಕ್ಕೆ ಹಿಡಿದೆ,” ಎಂದರು. ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಸಿಂಚನಾಳಿಗೆ ಹಗುರವಾಗುತ್ತಿತ್ತೇನೋ. “ಮುಳ್ಳು ಅಲ್ಲಾಡ್ಲಿಲ್ಲ. ಬರೀ ದೀಪ. ನಮ್ಮ ನಂಬಿಕೆ ನಿಮಗೆ ಬೇಡದಿದ್ರೆ ಬೇಡ ಅಂದಿದ್ರೆ ಆಗ್ತಿತ್ತಮ್ಮ. ಖಾಲಿ ಬಟ್ಟಲು ತೋರಿಸಿ ಮೊಸರು ಕೇಳ್ತೀರಾ?”

ಸಿಂಚನಾಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. “ನನಗೆ ಗೊತ್ತಿತ್ತು ಟೀಚರ್. ತಪ್ಪಾಯ್ತು,” ಎಂದಳು. ಬೀದಿಯವರೆಲ್ಲರ ಮುಂದೆ, ಅಕ್ಕನ ಮುಂದೆ ಹೇಳಿದಳು. ಬೇರೇನೂ ನೆಪ ಹೇಳಲಿಲ್ಲ.

ಮರುದಿನ ಅವಳು ಗುರುಪಾದಸ್ವಾಮಿಯವರ ಕೋಣೆಗೆ ಹೋಗಿ ಕೂರದೆ ನಿಂತೇ ಮಾತಾಡಿದಳು. ಅವರೂ ರಾತ್ರಿಯೆಲ್ಲ ಯೋಚಿಸಿದ್ದರೆಂದು ಕಾಣುತ್ತದೆ. ವಾದ ಮಾಡಲಿಲ್ಲ. ಮೇಲಿನವರಿಗೆ ಫೋನ್ ಮಾಡಿ ಇನ್ನೊಂದು ತಿಂಗಳ ಗಡುವು ಕೇಳಿದರು, ಬೈಸಿಕೊಂಡರು, ಪಡೆದರು.

ಈ ಸಲ ನಿಜವಾಗಿಯೇ ಒಂದು ಚಮಚ ಕೊಟ್ಟರು. ಸೋರಿಹೋದದ್ದು ಸೋರಿಹೋಗಲಿ ಎಂದು ಕೊಟ್ಟರು. ಅಷ್ಟೇ ಅಲ್ಲ, ಸಿಂಚನಾ ಪ್ಲಗ್ಗಿನೊಳಗೇ ಒಂದು ಕಟ್ಟುಪಾಡು ಬರೆದು ಸೇರಿಸಿದಳು. ಮನೆಯ ಪ್ಲಗ್ಗಿಗೆ ಮೊದಲಿನಿಂದಲೂ ಒಂದು ನಿಯಮವಿತ್ತು: ಲೈನು ಸತ್ತಿದ್ದರೆ ಕರೆಂಟು ಬಿಡಬಾರದು, ಕಂಬದ ಮೇಲೆ ಯಾರಾದರೂ ಕೆಲಸ ಮಾಡುತ್ತಿರಬಹುದು. ಈಗ ಎರಡನೆಯದು ಬಂತು: ಮನೆಗೆ ಮೊದಲು ಬಾರದೆ ಮನೆಯಿಂದ ಹೊರಗೆ ಹೋಗಬಾರದು. ಇದನ್ನು ಕೇಂದ್ರದವರಾಗಲೀ ಮುಖ್ಯಸ್ಥರಾಗಲೀ ಬಿಚ್ಚುವ ಹಾಗಿರಲಿಲ್ಲ. ಊರಿನವರೇ ಸೇರಿ ಬೇಡವೆನ್ನಬೇಕು. ಆಮೇಲೆ ಅವಳು ಟೀಚರ ಮನೆಗೆ ಹೋಗಿ, “ಮೀಟರ್ ಹಿಡಿದು ನೋಡಿ,” ಎಂದಳು. ಟೀಚರು ನೋಡಿದರು. ಮುಳ್ಳು ಅಲ್ಲಾಡಿತು.

ಮನೆಗಳು ಒಂದೊಂದಾಗಿ ವಾಪಸು ಬಂದವು. ದೀಪ ಹಚ್ಚುವ ಹೊತ್ತಿಗೆ ಪ್ಲಗ್ಗಿನ ಪುಟ್ಟ ದೀಪ ಹೊತ್ತುವುದನ್ನು ಜನ ಎದುರುನೋಡತೊಡಗಿದರು. “ನಮ್ಮನೇಗೆ ಬಂತು, ನಿಮ್ಮನೇಗೆ ಬಂತಾ?” ಎಂದು ಗೇಟಿನಿಂದ ಗೇಟಿಗೆ ಮಾತು ಹರಿಯುತ್ತಿತ್ತು. ಕೆಲವರು ಆ ದೀಪಕ್ಕೂ ಒಂದು ಚೂರು ಕುಂಕುಮ ಹಚ್ಚಿದರು. ಗುರುಪಾದಸ್ವಾಮಿ ಅದನ್ನು ನೋಡಿ ಪ್ಲಗ್ಗಿನೊಳಗೆ ಕುಂಕುಮ ಹೋದರೆ ಗತಿಯೇನು ಎಂದು ಚಿಂತಿಸಿದರು, ಅಷ್ಟೇ. ಪಲ್ಲವಿಯ ಓಟ ಉಳಿಯಿತು.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಮುಂಗಾರಿಗೆ ಮುಂಚಿನ ಒಂದು ಸಂಜೆ ಮುಗಿಯಲು ಬಿಡಲಿಲ್ಲ.

ಆ ಸಂಜೆ ಧೂಳೆಬ್ಬಿಸಿಕೊಂಡು ಬಿರುಗಾಳಿ ಬಂತು. ಗಾಳಿ ಮಿತಿ ಮೀರಿದರೆ ಗಾಳಿಯಂತ್ರಗಳು ಮುರಿದುಬೀಳದಿರಲೆಂದು ತಾವಾಗಿಯೇ ನಿಂತುಬಿಡುತ್ತವೆ. ಬೆಟ್ಟದ ಮೇಲೆ ಎಲ್ಲವೂ ನಿಂತವು. ಅದೇ ಹೊತ್ತಿಗೆ ಹೊರಗಿನಿಂದ ಊರಿಗೆ ಬರುವ ದೊಡ್ಡ ಲೈನಿನ ಮೇಲೆ ಎಲ್ಲೋ ನೀಲಗಿರಿ ಮರ ಉರುಳಿತು. ಪರದೆಯ ಮೇಲಿನ ಗೆರೆಗಳೆಲ್ಲ ಒಂದೇ ಏಟಿಗೆ ನೆಲಕ್ಕೆ ಬಿದ್ದವು. ಕಿಟಕಿಯಾಚೆ ದುರ್ಗದ ಊರು ಕೋಟೆಯ ಬಂಡೆಗಳಷ್ಟೇ ಕಪ್ಪಾಗಿತ್ತು.

“ಮರ ಕಡಿದು ಲೈನ್ ಎಳೆಯೋಕೆ ಬೆಳಗಾಗತ್ತಂತೆ,” ಎಂದರು ಗುರುಪಾದಸ್ವಾಮಿ ಫೋನ್ ಕೆಳಗಿಟ್ಟು. “ವಿಪರ್ಯಾಸ ನೋಡ್ರೀ. ಊರಿನ ಕಾರುಗಳೆಲ್ಲ ಹೊಟ್ಟೆ ತುಂಬ ತಿಂದು ನಿಂತಿವೆ. ರಾತ್ರಿಯೆಲ್ಲ ಊರನ್ನ ನಡೆಸೋಷ್ಟಿದೆ. ಆದ್ರೆ ಲೈನ್ ಸತ್ತಿದೆ, ಅವು ಕೊಡಲ್ಲ. ಮೊದಲು ನಾವು ಕೊಡಬೇಕು, ನಮ್ಮ ಹತ್ರ ಏನೂ ಇಲ್ಲ. ಇಲ್ಲಿರೋ ಬ್ಯಾಟರಿ ಈ ಪರದೆ ಉರಿಸೋದಕ್ಕೆ ಸರಿಹೋಗತ್ತೆ.”

ಅವರು ಎರಡನೆಯ ಕಟ್ಟುಪಾಡಿನ ಮಾತು ಎತ್ತಲಿಲ್ಲ. ಎತ್ತದೆ ಇದ್ದದ್ದೇ ಸಿಂಚನಾಳಿಗೆ ಹೆಚ್ಚು ಚುಚ್ಚಿತು. ಆ ಬೀಗ ಹಾಕಿದವಳು ಅವಳೇ. ತೆಗೆಯಲು ಊರು ಸೇರಬೇಕು. ಕತ್ತಲಲ್ಲಿ ಊರು ಎಲ್ಲಿ ಸೇರುತ್ತದೆ? ಅಕ್ಕನ ಆಟೋ, ಆಸ್ಪತ್ರೆಗೆ ಹೋಗಬೇಕಾದ ನರ್ಸುಗಳು, ಅವರು ಬರಲೆಂದು ಹಗಲೆಲ್ಲ ದುಡಿದು ಕಾಯುತ್ತಿರುವವರು ಎಲ್ಲ ಒಟ್ಟಿಗೆ ನೆನಪಾಯಿತು.

ಒಂದು ಪಾತ್ರೆ ಹಾಲು ಕಾದು ಆರಿ ಸಿದ್ಧವಾಗಿದೆ, ಇಲ್ಲದೆ ಇರುವುದು ಒಂದು ಚಮಚ ಹೆಪ್ಪು. ಹಾಗೆ ಯೋಚಿಸಿದಾಗ ಅವಳಿಗೆ ಕಟ್ಟೆಯ ಪ್ಲಗ್ಗುಗಳು ನೆನಪಾದವು. ಅವು ಯಾರ ಮನೆಯವೂ ಅಲ್ಲ, ಊರಿನವು. ಅವುಗಳಿಗೆ ಎರಡು ಕಟ್ಟುಪಾಡುಗಳೂ ಇರಲಿಲ್ಲ. ಕೇಂದ್ರದಿಂದಲೇ ತೆರೆಯಬಹುದಿತ್ತು. ಅಲ್ಲಿ ನಿಂತ ಆಟೋಗಳಲ್ಲಿ ತಳದಲ್ಲಿ ಅಷ್ಟಿಷ್ಟು ಉಳಿದಿರುತ್ತದೆ.

ಅಕ್ಕನಿಗೆ ಫೋನ್ ಮಾಡಿದಳು.

“ಅಕ್ಕ, ನಿನ್ನ ಆಟೋದಲ್ಲಿ ಎಷ್ಟಿದೆ?”

“ಒಂದು ಸಲ ಆಸ್ಪತ್ರೆ ಮುಟ್ಟಿಸೋವಷ್ಟು. ಅದಕ್ಕೇ ಹೊರಟಿದ್ದೆ. ವಾಪಸ್ ಬರೋದು ದೇವ್ರಿಗೇ ಗೊತ್ತು. ಯಾಕೆ?”

ಸಿಂಚನಾ ಹೇಳಿದಳು. ಮನೆಗಳ ಒಲೆ, ಟೀವಿ, ಮೋಟಾರು ಎಲ್ಲವನ್ನೂ ಇಲ್ಲಿಂದಲೇ ಬೀದಿಯ ಲೈನಿನಿಂದ ಕಳಚುತ್ತೇವೆ. ಬರೀ ಪ್ಲಗ್ಗುಗಳಷ್ಟೇ ಉಳಿಯುತ್ತವೆ. ನಮ್ಮ ಲೈನ್‌ಮ್ಯಾನುಗಳು ಕಂಬದ ಮೇಲೆ ಯಾರೂ ಇಲ್ಲವೆಂದು ನೋಡಿ ಹೇಳುತ್ತಾರೆ. ಆಮೇಲೆ ನಿಮ್ಮ ಆಟೋಗಳಲ್ಲಿ ಉಳಿದಿರುವುದನ್ನು ಲೈನಿಗೆ ಬಿಡಬೇಕು. ಮನೆಮನೆಗೆ ಒಂದೊಂದು ಚಮಚ ಹೋದರೆ ಪ್ಲಗ್ಗುಗಳು ಎಚ್ಚರಾಗುತ್ತವೆ. “ಆದ್ರೆ ಅಕ್ಕ, ಮನೆಯವ್ರು ಪ್ಲಗ್ ಹಾಕಿರಬೇಕು. ಕರೆಂಟು ಹೋಯ್ತು ಅಂತ ಕಿತ್ತಿದ್ರೆ ನೀವು ಕೊಟ್ಟಿದ್ದು ಹೋಯ್ತು. ನಿನ್ನ ಗಾಡಿ ಅಲ್ಲೇ ನಿಂತುಬಿಡತ್ತೆ. ನರ್ಸುಗಳನ್ನೂ ಬಿಡೋಕಾಗಲ್ಲ.”

ಫೋನಿನ ಆ ಕಡೆ ಪಲ್ಲವಿ ಗಾಳಿಯ ಸದ್ದಿಗೆ ದನಿ ಏರಿಸಿದಳು.

“ನಾನು ಒಬ್ಬಳು ಹೋಗಿ ಒಂದು ಗಾಡಿ ಜನಾನ ಬಿಟ್ಟು ಅಲ್ಲೇ ನಿಂತ್ಕೊಂಡ್ರೆ, ಅಲ್ಲಿಂದ ಮನೆಗೆ ಬರೋರು ಹೆಂಗೆ ಬರ್ತಾರೆ? ಕೊನೇ ಬೀದಿಯಿಂದ ಹೋಗಬೇಕಾದೋರು ಹೆಂಗೆ ಹೋಗ್ತಾರೆ?” ಎಂದಳು ಪಲ್ಲವಿ. “ತಡಿ.” ಅವಳು ಕಟ್ಟೆಯ ಕಡೆ ತಿರುಗಿ ಕೂಗಿದ್ದು ಸಿಂಚನಾಳಿಗೆ ಕೇಳಿಸಿತು. “ಏನ್ರಪ್ಪ, ಯಾರ್ಯಾರ ಗಾಡೀಲಿ ಎಷ್ಟೆಷ್ಟಿದೆ? ಬೀದಿಗೆ ಹೆಪ್ಪು ಹಾಕಬೇಕಂತೆ. ನಾನು ಹಾಕ್ತಿದೀನಿ.”

ಯಾರೋ ಗೊಣಗಿದರು. ಯಾರೋ ನಕ್ಕರು. “ಕೊಟ್ಟು ಇಲ್ಲೇ ಮಲಗೋದಾ ಪಲ್ಲವಕ್ಕ?” ಎಂದು ಒಬ್ಬ ಕೇಳಿದ. “ಮಲಗು. ಕಟ್ಟೆ ಮೇಲೆ ಜಾಗ ಐತೆ,” ಎಂದಳು ಪಲ್ಲವಿ. ಆಮೇಲೆ ಒಂದೊಂದಾಗಿ ಪ್ಲಗ್ಗುಗಳು ಕೂಡಿಕೊಳ್ಳುವ ಸದ್ದು.

ಗುರುಪಾದಸ್ವಾಮಿ ಬೀದಿಯನ್ನು ಕಳಚಿದರು. ಲೈನ್‌ಮ್ಯಾನು ಸರಿ ಎಂದ. ಸಿಂಚನಾ ಕಟ್ಟೆಯ ಪ್ಲಗ್ಗುಗಳನ್ನು ತೆರೆದಳು.

ಪರದೆಯ ಮೇಲೆ ಬತೇರಿ ಬೀದಿಯ ಗೆರೆ ಕೂದಲೆಳೆಯಷ್ಟು ಎದ್ದಿತು. ಕೊಡುತ್ತಿದ್ದುದು ಆಟೋಗಳು. ಅಷ್ಟರಲ್ಲೇ ನಿಂತಿತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ದೀಪ ಹಚ್ಚುವ ಹೊತ್ತು ಮೀರಿಹೋಗಿತ್ತು. ಎಲ್ಲರೂ ಕಿತ್ತು ನೇತುಹಾಕಿ ಒಳಗೆ ಹೋಗಿರುತ್ತಾರೆ ಎಂದುಕೊಂಡಳು ಸಿಂಚನಾ. ಅಕ್ಕನ ಗಾಡಿಯಲ್ಲಿದ್ದ ಕೊನೆಯ ತೊಟ್ಟನ್ನೂ ತಾನೇ ಚೆಲ್ಲಿಸಿಬಿಟ್ಟೆ ಅನ್ನಿಸಿ ಕಣ್ಣು ತುಂಬಿತು.

“ಸಿಂಚನಾ,” ಎಂದರು ಗುರುಪಾದಸ್ವಾಮಿ ಮೆಲ್ಲಗೆ. “ಅಲ್ಲಿ ನೋಡಿ.”

ಒಂದು ಮನೆ ಕೊಡತೊಡಗಿತ್ತು. ಅದು ಯಾರ ಮನೆಯೆಂದು ಅವಳು ಸಂಖ್ಯೆ ನೋಡದೆಯೇ ಹೇಳಬಲ್ಲವಳಾಗಿದ್ದಳು. ಅದರ ಪಕ್ಕದಲ್ಲಿ ಇನ್ನೊಂದು. ಬ್ಯಾಂಕ್ ಮ್ಯಾನೇಜರ ಮನೆ. ತುಳಸಿಗೆ ದೀಪ ಇಡುವ ಹೆಂಗಸಿನ ಮನೆ. ಆಮೇಲೆ ಲೆಕ್ಕ ಹಿಡಿಯಲಾಗಲಿಲ್ಲ, ಗೆರೆ ಎದ್ದು ನಿಂತಿತು. ಬತೇರಿ ಬೀದಿ ತುಂಬಿದ ಮೇಲೆ ಗುರುಪಾದಸ್ವಾಮಿ ಕಳಚಿದ್ದ ಮನೆಗಳನ್ನು ಮತ್ತೆ ಸೇರಿಸಿ, ಬೀದಿಯನ್ನು ಪಕ್ಕದ ಬೀದಿಗೆ ಕೂಡಿಸಿದರು. ಅಲ್ಲಿಂದ ಒಂದು ಚಮಚ ಅತ್ತ ಹೋಯಿತು, ಆ ಬೀದಿಯೂ ಎದ್ದಿತು. ಅದರಿಂದ ಮುಂದಿನದು. ಕಿಟಕಿಯಾಚೆ ಕೋಟೆಯ ಬುಡದಿಂದ ಶುರುವಾಗಿ ಊರು ಬೀದಿ ಬೀದಿಯಾಗಿ ಬೆಳಗುತ್ತಾ ಬಂತು. ಗುರುಪಾದಸ್ವಾಮಿ ಕನ್ನಡಕ ಒರೆಸಿಕೊಳ್ಳುತ್ತಲೇ ಇದ್ದರು.

ಫೋನಿನಲ್ಲಿ ಪಲ್ಲವಿ, “ತುಂಬ್ತಾ ಇದೆ ಕಣೇ. ನಾನು ಹೊರಟೆ. ಸಿಸ್ಟರಮ್ಮ ಬೈತಾಳೆ,” ಎಂದು ಇಟ್ಟುಬಿಟ್ಟಳು.

ಸಿಂಚನಾ ಮನೆಗೆ ಬಂದಾಗ ಕಟ್ಟೆ ಖಾಲಿಯಾಗಿತ್ತು; ಎಲ್ಲರೂ ತಮ್ಮ ತಮ್ಮ ಓಟಕ್ಕೆ ಹೋಗಿದ್ದರು. ಶೈಲಜಾ ಟೀಚರು ಗೇಟಿನಲ್ಲಿ ನಿಂತಿದ್ದರು. ಒಳಗೆ ದೇವರ ಮುಂದಿನ ದೀಪ ಉರಿಯುತ್ತಿತ್ತು.

“ನಾನು ಪ್ಲಗ್ ಕೀಳೋಕೆ ಅಂತಲೇ ಹೊರಗೆ ಬಂದಿದ್ದೆ,” ಎಂದರು. “ಊರೆಲ್ಲ ಕತ್ತಲು. ಇವತ್ತು ಕೊಡೋರೂ ಇಲ್ಲ, ತಗೊಳ್ಳೋರೂ ಇಲ್ಲ ಅಂದ್ಕೊಂಡೆ. ಅಷ್ಟರಲ್ಲಿ ದೀಪ ಹೊತ್ತಿತು. ಗಾಳಿಯಂತ್ರ ನಿಂತಿದೆ, ಇದೆಲ್ಲಿಂದ ಬಂತು ಅಂತ ತಿರುಗಿ ನೋಡಿದ್ರೆ, ಕಟ್ಟೆ ಹತ್ರ ನಿಮ್ಮಕ್ಕನ ಆಟೋ ಲೈಟು ಮಂಕಾಗ್ತಾ ಮಂಕಾಗ್ತಾ ಬರ್ತಿದೆ. ಆಮೇಲೆ ಬೀದಿಯವರನ್ನೆಲ್ಲ ಬಾಗಿಲು ತಟ್ಟಿ ಕರೆದೆ. ಕಿತ್ತವರ ಕೈಲೆಲ್ಲ ಮತ್ತೆ ಹಾಕಿಸಿದೆ.”

ಟೀಚರು ಒಳಗೆ ಹೋಗಿ ಬಂದರು. ಕೈಯಲ್ಲಿ ಪುಟ್ಟ ಬಟ್ಟಲು, ಅದರ ತುಂಬ ಹೆಪ್ಪು.

“ದೀಪ ಹಚ್ಚಾಗಿದೆ ಟೀಚರ್,” ಎಂದಳು ಸಿಂಚನಾ.

“ಹಚ್ಚಾಗಿದೆ. ಆದ್ರೇನಂತೆ?” ಟೀಚರು ಬಟ್ಟಲನ್ನು ಅವಳ ಕೈಗಿಟ್ಟು ಬೆರಳು ಮಡಿಸಿದರು. “ನಿಮ್ಮಕ್ಕ ಆಗಲೇ ಒಂದು ಚಮಚ ತಂದುಕೊಟ್ಟು ಹೋಗಿದಾಳೆ.”